“ನೀವು ಅವರಿಗೆ ಏನಾಗ್ಬೇಕು?”: ಮದುವೆ ಸರ್ಟಿಫಿಕೇಟ್ ಇಲ್ಲದ ಜೋಡಿ ಮಾಡಿಟ್ಟುಕೊಳ್ಳಬೇಕಾದ ಕಾಗದಗಳು

ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಕೌಂಟರಿನಲ್ಲಿ ರಾತ್ರಿ ಒಂದೂವರೆಗೆ ನನಗೆ ಕೇಳಿದ ಪ್ರಶ್ನೆ ಇದು. “ಏನಾಗ್ಬೇಕ್ರೀ ನೀವು ಅವರಿಗೆ?” ಕೇಳಿದವರು ಕೆಟ್ಟವರಲ್ಲ, ಫಾರಂ ತುಂಬುವುದು ಅವರ ಕೆಲಸ. ಆ ಮಳೆಗಾಲದಲ್ಲಿ ಶಿರಸಿ ಪೇಟೆಯಿಂದ ಮನೆಗೆ ಬರುವಾಗ ನನ್ನವಳ ಸ್ಕೂಟರ್ ಜಾರಿ ತಲೆಗೆ ಪೆಟ್ಟಾಗಿತ್ತು. ಇಲ್ಲಿ ನೋಡಿದ ಡಾಕ್ಟರು ಹುಬ್ಬಳ್ಳಿಗೆ ಒಯ್ಯಿರಿ ಎಂದರು. ಆಂಬುಲೆನ್ಸಿನಲ್ಲಿ ಎರಡೂವರೆ ತಾಸು ಅವಳ ಕೈ ಹಿಡಿದುಕೊಂಡೇ ಕೂತಿದ್ದೆ. ನಾವಿಬ್ಬರೂ ಒಂದೇ ಮನೆಯಲ್ಲಿರಲು ಶುರುಮಾಡಿ ಆಗ ಎಂಟು ವರ್ಷ. ಅವಳಿಗೆ ಯಾವ ಮಾತ್ರೆ ಆಗಿಬರುವುದಿಲ್ಲ ಅಂತ ನನಗೆ ಗೊತ್ತು, ಅವಳಿಗೂ ನನ್ನ ಬಗ್ಗೆ ಗೊತ್ತು. ಆದರೂ ಆ ಪ್ರಶ್ನೆಗೆ ನನ್ನ ಬಾಯಿಂದ ಬಂದದ್ದು “ಅಕ್ಕ” ಅಂತ. ಆಧಾರ್ ಕೇಳಿದರು. ಅವಳದ್ದು ಕಾರವಾರದ ಅಡ್ರೆಸ್ಸು, ನನ್ನದು ಶಿರಸಿ, ಅಡ್ಡಹೆಸರು ಬೇರೆ ಬೇರೆ. ಅವರು ಕಾರ್ಡು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, “ಅವರ ಮನೆಯವರನ್ನ ಕರೀರಿ” ಎಂದರು.

ಕಾರವಾರದಿಂದ ಅವಳ ಅಣ್ಣ ಬರಲು ನಾಲ್ಕು ತಾಸು ಹಿಡಿಯಿತು. ನನ್ನ ಕಾರಣಕ್ಕೇ ಎರಡು ವರ್ಷದಿಂದ ಅವಳ ಜೊತೆ ಮಾತು ಬಿಟ್ಟಿದ್ದ ಅಣ್ಣ. ಬಂದರು, ಸಹಿ ಹಾಕಿದರು. ಅವರ ಜೇಬಿನಲ್ಲಿ ಪೆನ್ ಇರಲಿಲ್ಲ, ನಾನೇ ಕೊಟ್ಟೆ.

ಅವಳು ಹುಷಾರಾದಳು. ಮನೆಗೆ ಬಂದ ಮೇಲೆ ನಾವಿಬ್ಬರೂ ಕೂತು ಒಂದು ಫೈಲು ಮಾಡಿದೆವು. ಅದನ್ನು ಹೇಗೆ ಮಾಡುವುದು ಅಂತ ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ. ಅಂಕೋಲಾದಲ್ಲೋ ಹೊನ್ನಾವರದಲ್ಲೋ ಸಿದ್ದಾಪುರದಲ್ಲೋ ನಮ್ಮ ಹಾಗೆ “ಫ್ರೆಂಡ್ಸ್” ಅಂತ ಹೇಳಿಕೊಂಡು ಬಾಡಿಗೆ ಮನೆಯಲ್ಲಿರುವ ಇಬ್ಬರು ಹೆಂಗಸರು ಅಥವಾ ಇಬ್ಬರು ಗಂಡಸರು ಇದ್ದೇ ಇದ್ದಾರೆ. ನಿಮಗೋಸ್ಕರ ಇದು.

ಮದುವೆ ಯಾಕೆ ಬೇಕು, ಸುಮ್ನೆ ಜೊತೆಗಿದ್ದರೆ ಆಗಲ್ವಾ?

ಇದನ್ನು ಹೊರಗಿನವರಿಗಿಂತ ನಮ್ಮವರೇ ಜಾಸ್ತಿ ಕೇಳುತ್ತಾರೆ. ಮಂಟಪ, ಸೀರೆ, ಊಟದ ಪಂಕ್ತಿ ಇವೆಲ್ಲ ನನಗೂ ಆಸೆಯೇ. ಮುಚ್ಚಿಡುವುದಿಲ್ಲ. ಆದರೆ ಅದೆಲ್ಲ ಇಲ್ಲದೆಯೂ, ಸಬ್ ರಿಜಿಸ್ಟ್ರಾರ್ ಆಫೀಸಿನ ಒಂದೇ ಒಂದು ಹಾಳೆ ಇದ್ದರೆ, “ಏನಾಗ್ಬೇಕು” ಎಂಬ ಪ್ರಶ್ನೆಗೆ ಎಲ್ಲ ಕೌಂಟರಿನಲ್ಲೂ ಒಂದೇ ಉತ್ತರ. ಆಸ್ಪತ್ರೆ, ಬ್ಯಾಂಕು, ಪಿಂಚಣಿ, ಜಮೀನು, ಮಗು, ಕೊನೆಗೆ ಸತ್ತಾಗ ದೇಹ ಯಾರಿಗೆ ಕೊಡಬೇಕು ಎಂಬುದೂ. ಗಂಡ–ಹೆಂಡತಿಗೆ ಇದನ್ನೆಲ್ಲ ಯಾರೂ ಕೇಳುವುದೇ ಇಲ್ಲ, ಹಾಗಾಗಿ ಆ ಹಾಳೆ ಎಷ್ಟು ಕೆಲಸ ಮಾಡುತ್ತಿದೆ ಅಂತ ಅವರಿಗೆ ಗೊತ್ತಾಗುವುದೂ ಇಲ್ಲ.

ಕಾನೂನು ಈಗ ಎಲ್ಲಿದೆ ಅಂತ ಚುಟುಕಾಗಿ ಹೇಳಿಬಿಡುತ್ತೇನೆ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು, ಸಲಿಂಗ ಸಂಬಂಧವನ್ನು ಅಪರಾಧ ಎನ್ನುತ್ತಿದ್ದ ದಂಡ ಸಂಹಿತೆಯ 377ನೇ ಕಲಮಿನಿಂದ ನಮ್ಮನ್ನು ಬಿಡಿಸಿತು, ಜೊತೆಗಿರುವುದು ಅಪರಾಧವಲ್ಲ. 2023ರ ಅಕ್ಟೋಬರ್ 17ರಂದು ಐದು ನ್ಯಾಯಮೂರ್ತಿಗಳ ಪೀಠ, ಮದುವೆ ಮೂಲಭೂತ ಹಕ್ಕಲ್ಲ, ವಿಶೇಷ ವಿವಾಹ ಕಾಯ್ದೆಯಲ್ಲಿ ನಿಮ್ಮನ್ನು ಸೇರಿಸಲು ನಮ್ಮಿಂದ ಆಗದು, ಅದು ಸಂಸತ್ತಿನ ಕೆಲಸ ಎಂದಿತು. ಮರುಪರಿಶೀಲನೆ ಅರ್ಜಿಗಳೂ 2025ರ ಜನವರಿಯಲ್ಲಿ ವಜಾ ಆದವು. ಜೋಡಿಯಲ್ಲಿ ಒಬ್ಬರು ಟ್ರಾನ್ಸ್ ಆಗಿದ್ದು, ಒಬ್ಬರು ಗಂಡು ಒಬ್ಬರು ಹೆಣ್ಣು ಅಂತ ಗುರುತಿಸಿಕೊಂಡಿದ್ದರೆ ಈಗಿರುವ ಕಾನೂನಿನಲ್ಲೇ ಮದುವೆಯಾಗಬಹುದು ಅಂತ ಅದೇ 2023ರ ತೀರ್ಪು ಹೇಳಿದೆ. ಅಂಥವರು ದಯವಿಟ್ಟು ಈ ಲೇಖನ ಪಕ್ಕಕ್ಕಿಟ್ಟು ಮೊದಲು ವಕೀಲರ ಹತ್ತಿರ ಹೋಗಿ.

ಉಳಿದವರಿಗೆ ಆ ಒಂದು ಹಾಳೆಯ ಬದಲು ಒಂದು ಫೈಲು.

ಮೊದಲು ಆಸ್ಪತ್ರೆಯ ಕಾಗದ

ಆಸ್ತಿಯಿಂದ ಶುರುಮಾಡಬೇಡಿ. ಇಪ್ಪತ್ತೈದು–ಮೂವತ್ತರ ವಯಸ್ಸಿನವರಿಗೆ ಆಸ್ತಿ ಇರುವುದೇ ಇಲ್ಲ, ಸ್ಕೂಟರ್ ಇರುತ್ತದೆ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಹಣೆಬರಹ ನಿಮಗೆ ಗೊತ್ತೇ ಇದೆ. ಸ್ವಲ್ಪ ದೊಡ್ಡ ಕಾಯಿಲೆ, ದೊಡ್ಡ ಪೆಟ್ಟು ಎಂದರೆ ಹುಬ್ಬಳ್ಳಿ, ಮಣಿಪಾಲ, ಮಂಗಳೂರು, ಕಾರವಾರದವರಾದರೆ ಗೋವಾ. ದೊಡ್ಡ ಆಸ್ಪತ್ರೆ ಬೇಕು ಅಂತ ಎಷ್ಟು ವರ್ಷದಿಂದ ಕೇಳುತ್ತಿದ್ದೇವೆ! ಅಂದರೆ ನಿಮ್ಮ ಗುರುತಿನ ಡಾಕ್ಟರು, “ಓ ಇವರಿಬ್ಬರೂ ಒಟ್ಟಿಗಿರ್ತಾರೆ” ಅಂತ ತಿಳಿದಿರುವ ನರ್ಸು, ಯಾರೂ ಆ ಹೊತ್ತಿಗೆ ಜೊತೆಗಿರುವುದಿಲ್ಲ. ನೂರಾರು ಕಿಲೋಮೀಟರ್ ಆಚೆ, ನಿಮ್ಮನ್ನು ಎಂದೂ ನೋಡದವರ ಮುಂದೆ ಕಾಗದವೇ ಮಾತಾಡಬೇಕು. ಅದಕ್ಕೆ ಕನ್ನಡದ ಜೊತೆ ಇಂಗ್ಲಿಷಿನಲ್ಲೂ ಒಂದು ಪ್ರತಿ ಮಾಡಿಸಿ, ಗೋವಾದ ಕೌಂಟರಿನಲ್ಲಿ ಕನ್ನಡ ಓದುವವರು ಸಿಗುತ್ತಾರೆ ಅಂತ ನಂಬಿಕೊಂಡು ಹೋಗಬೇಡಿ.

ಪ್ರಜ್ಞೆ ಇರುವ ವಯಸ್ಕ ರೋಗಿಯ ಚಿಕಿತ್ಸೆಗೆ ಒಪ್ಪಿಗೆ ಕೊಡಬೇಕಾದದ್ದು ರೋಗಿಯೇ. ಇದನ್ನು ಗಟ್ಟಿಯಾಗಿ ಹೇಳಿ, ಎಷ್ಟೋ ಕಡೆ ಅಲ್ಲಿಗೇ ಕೆಲಸ ಆಗುತ್ತದೆ. ಪ್ರಜ್ಞೆ ಇಲ್ಲದಾಗ ಏನು? ಅದಕ್ಕೆ ಮೂರು ಬೇರೆ ಬೇರೆ ಕಾಗದ. ಮೂರೂ ಬೇಕು, ಒಂದು ಮಾಡುವ ಕೆಲಸ ಇನ್ನೊಂದು ಮಾಡುವುದಿಲ್ಲ.

ಒಂದು, ನೋಟರಿ ಮಾಡಿಸಿದ ಅಧಿಕಾರ ಪತ್ರ (ಮುಖ್ತಿಯಾರ್ ಪತ್ರ ಅಂತಲೂ ಹೇಳುತ್ತಾರೆ): “ನನಗೆ ಹುಷಾರಿಲ್ಲದಾಗ ಇವರು ನನ್ನ ಬಗ್ಗೆ ಡಾಕ್ಟರ ಹತ್ತಿರ ಮಾತಾಡಬಹುದು, ರಿಪೋರ್ಟ್ ನೋಡಬಹುದು, ಐಸಿಯು ಒಳಗೆ ಬರಬಹುದು, ಚಿಕಿತ್ಸೆಗೆ ಸಹಿ ಹಾಕಬಹುದು” ಅಂತ. ಇದರ ಮಿತಿ ನಿಮಗೆ ತಿಳಿದಿರಲಿ. ಬರೆದುಕೊಟ್ಟವರಿಗೇ ಬುದ್ಧಿ ಸ್ಥಿಮಿತ ತಪ್ಪಿದರೆ ಮುಖ್ತಿಯಾರ್ ಪತ್ರ ಬಿದ್ದುಹೋಗುತ್ತದೆ ಅನ್ನುವುದು ನಮ್ಮ ಕಾಂಟ್ರಾಕ್ಟ್ ಕಾಯ್ದೆಯ ನಿಯಮ, ಸತ್ತ ಮೇಲಂತೂ ಅದು ನಡೆಯುವುದೇ ಇಲ್ಲ. ಆದರೂ ಮಾಡಿಸಿ. ಸೀಲು ಬಿದ್ದ ಒಂದು ಕಾಗದ ಕೈಯಲ್ಲಿದ್ದರೆ ಕೌಂಟರಿನವರ ದನಿಯೇ ಬದಲಾಗುತ್ತದೆ.

ಎರಡು, ಮುಂಗಡ ವೈದ್ಯಕೀಯ ನಿರ್ದೇಶನ. ವಾಸಿಯಾಗುವ ಆಸೆಯೇ ಇಲ್ಲದ ಹಂತದಲ್ಲಿ ವೆಂಟಿಲೇಟರ್ ಇತ್ಯಾದಿ ಬೇಕೋ ಬೇಡವೋ ಅಂತ ನೀವು ಮೊದಲೇ ಬರೆದಿಡುವುದು. 2018ರಲ್ಲಿ ಸುಪ್ರೀಂ ಕೋರ್ಟು ಇದಕ್ಕೆ ಮಾನ್ಯತೆ ಕೊಟ್ಟಿತು, 2023ರ ಜನವರಿಯಲ್ಲಿ ದಾರಿ ಸುಲಭ ಮಾಡಿತು. ಈಗ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಕರ್ನಾಟಕದ ಆರೋಗ್ಯ ಇಲಾಖೆಯೂ 2025ರ ಜನವರಿ 30ರಂದು ಈ ಬಗ್ಗೆ ಸುತ್ತೋಲೆ ಹೊರಡಿಸಿದೆ. ಕನಿಷ್ಠ ಇಬ್ಬರ ಹೆಸರು ಬರೆಯಬೇಕು. ಒಂದು ಸಂಗಾತಿಯದ್ದು, ಇನ್ನೊಂದು ನಿಮ್ಮಿಬ್ಬರನ್ನೂ ಒಪ್ಪಿಕೊಂಡಿರುವ ಯಾರದ್ದಾದರೂ. ನಾನು ಬರೆದದ್ದು ನನ್ನ ಚಿಕ್ಕಮ್ಮನ ಹೆಸರು. ಅವರ ಹತ್ತಿರ ಕೇಳಲು ಹೋದ ದಿನ ಅಡಿಕೆ ಸುಲಿಯುತ್ತ ಕೂತಿದ್ದರು. ಎಲ್ಲ ಕೇಳಿಸಿಕೊಂಡು, ಮೆಟಗತ್ತಿ ಪಕ್ಕಕ್ಕಿಟ್ಟು, “ಎಲ್ಲಿ ಸಹಿ ಹಾಕವು?” ಎಂದರು. ಅಷ್ಟೇ. ಅಂಥವರು ಒಬ್ಬರಾದರೂ ಇರುತ್ತಾರೆ, ಹುಡುಕಿ.

ಮೂರನೆಯದು ಬಹಳ ಜನರಿಗೆ ಗೊತ್ತೇ ಇಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 14ನೇ ಕಲಮಿನಡಿ ಮಾನಸಿಕ ಚಿಕಿತ್ಸೆಯ ವಿಷಯದಲ್ಲಿ ನೀವು ಯಾರನ್ನು ಬೇಕಾದರೂ ನಿಮ್ಮ ಪ್ರತಿನಿಧಿಯಾಗಿ ನೇಮಿಸಬಹುದು. ಬಿಳಿ ಹಾಳೆಯಲ್ಲಿ ಬರೆದು ಸಹಿ ಹಾಕಿದರೆ ಸಾಕು, ರಕ್ತಸಂಬಂಧ ಬೇಕಾಗಿಲ್ಲ. “ಇದನ್ನು ವಾಸಿ ಮಾಡಿಸ್ತೇವೆ” ಅಂತ ಮನೆಯವರು ಯಾವುದಾದರೂ ಆಸ್ಪತ್ರೆಗೆ ಎಳೆದುಕೊಂಡು ಹೋಗುವ ಭಯ ಇರುವವರಿಗೆ ಇದು ದೊಡ್ಡ ಆಸರೆ. ಇವತ್ತೇ ಬರೆಯಿರಿ, ಖರ್ಚು ಒಂದು ಹಾಳೆ.

ಈ ಮೂರನ್ನೂ ಫೋಟೊ ತೆಗೆದು ಇಬ್ಬರ ಫೋನಿನಲ್ಲೂ ಇಡಿ. ಪರ್ಸಿನಲ್ಲಿ ಒಂದು ಚೀಟಿ ಇರಲಿ: ರಕ್ತದ ಗುಂಪು, ಆಗದ ಔಷಧಿ, ಸಂಗಾತಿಯ ನಂಬರು.

ವಿಲ್ಲು: ಇಲ್ಲಿ ಅವಸರ ಮಾಡಬೇಡಿ

ವಿಲ್ ಬರೆಯದೆ ಹೋದರೆ ಏನಾಗುತ್ತದೆ ಅಂತ ಮೊದಲು ಸರಿಯಾಗಿ ತಿಳಿದುಕೊಳ್ಳಿ. ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ, ಮದುವೆಯಾಗದ ಗಂಡಸು ತೀರಿಕೊಂಡರೆ ಅವನ ಸ್ವಂತ ಆಸ್ತಿ ಮೊದಲು ತಾಯಿಗೆ, ತಾಯಿ ಇಲ್ಲದಿದ್ದರೆ ತಂದೆಗೆ. ಮದುವೆಯಾಗದ ಹೆಂಗಸಿನದ್ದು ತಂದೆ–ತಾಯಿಗೆ, ಅವರಿಲ್ಲದಿದ್ದರೆ ತಂದೆಯ ಕಡೆಯ ವಾರಸುದಾರರಿಗೆ. ಇಪ್ಪತ್ತು ವರ್ಷ ಜೊತೆಗಿದ್ದು ಸಾಲ ಕಟ್ಟಿದ ಸಂಗಾತಿಗೆ ಎಲ್ಲೂ ಜಾಗ ಇಲ್ಲ. ಪೌತಿ ಖಾತೆಗೆ ನಾಡಕಚೇರಿಯಲ್ಲಿ ವಂಶವೃಕ್ಷ ಕೇಳುತ್ತಾರೆ ಅಲ್ವಾ, ಆ ಮರದಲ್ಲಿ ನಮಗೆ ಕೊಂಬೆಯೇ ಇಲ್ಲ. ಅದಕ್ಕೇ ವಿಲ್ ಬೇಕು.

ಅದಕ್ಕೆ ಸ್ಟಾಂಪ್ ಪೇಪರ್ ಬೇಡ. ಬಿಳಿ ಹಾಳೆ ಸಾಕು, ಕನ್ನಡದಲ್ಲೇ ಬರೆಯಬಹುದು. ನೀವು ಸಹಿ ಹಾಕುವುದನ್ನು ಇಬ್ಬರು ಸಾಕ್ಷಿಗಳು ನೋಡಿ, ನಿಮ್ಮ ಮುಂದೆಯೇ ತಾವೂ ಸಹಿ ಹಾಕಬೇಕು. ಸಂಗಾತಿಯನ್ನು ಸಾಕ್ಷಿ ಮಾಡಲೇಬೇಡಿ, ಪಡೆಯುವವರೇ ಸಾಕ್ಷಿಯಾದರೆ ಆಮೇಲೆ ತಕರಾರು ಖಂಡಿತ. ಸಾಕ್ಷಿಗಳು ನಿಮಗಿಂತ ಚಿಕ್ಕವರಿದ್ದರೆ ಒಳ್ಳೆಯದು, ನಾಳೆ ಕೋರ್ಟಿಗೆ ಬಂದು ಹೇಳಲು ಅವರು ಇರಬೇಕು. ನೋಂದಣಿ ಕಡ್ಡಾಯ ಅಲ್ಲ, ಆದರೆ ನಮ್ಮಂಥವರಿಗೆ ನಾನು ಕಡ್ಡಾಯ ಅಂತಲೇ ಹೇಳುತ್ತೇನೆ. ಶಿರಸಿ, ಕುಮಟಾ, ಕಾರವಾರ, ಎಲ್ಲ ಕಡೆ ಸಬ್ ರಿಜಿಸ್ಟ್ರಾರ್ ಆಫೀಸು ಇದೆ. ಅಲ್ಲಿ ಫೋಟೊ, ಹೆಬ್ಬೆಟ್ಟು ಎಲ್ಲ ತೆಗೆದುಕೊಳ್ಳುತ್ತಾರೆ. “ಅವಳ ತಲೆ ಸರಿ ಇರಲಿಲ್ಲ, ಇವಳು ಬರೆಸಿಕೊಂಡಳು” ಅಂತ ನಾಳೆ ಯಾರಾದರೂ ಹೇಳಿದರೆ ಅದಕ್ಕೆ ಎದುರು ನಿಲ್ಲುವುದು ಇದೇ. ಅದೇ ವಾರದ ಡಾಕ್ಟರ ಸರ್ಟಿಫಿಕೇಟ್ ಒಂದನ್ನು ಜೊತೆಗಿಟ್ಟರೆ ಇನ್ನೂ ಗಟ್ಟಿ.

ಬರೆಯುವಾಗ ಮನೆಯವರ ಹೆಸರನ್ನೂ ಎತ್ತಿ. ಇದು ನನಗೆ ವಕೀಲರು ಹೇಳಿಕೊಟ್ಟದ್ದು. “ನನ್ನ ತಮ್ಮನಿಗೆ ಹಿರಿಯರ ತೋಟದ ಪಾಲು ಬಂದಿದೆ, ಅದಕ್ಕೆ ನನ್ನ ಸಂತೋಷವಿದೆ. ನಾನು ದುಡಿದು ಮಾಡಿದ್ದನ್ನು ಮಾತ್ರ ಇವರಿಗೆ ಕೊಡುತ್ತಿದ್ದೇನೆ” ಅಂತ ಒಂದು ಸಾಲು ನನ್ನ ವಿಲ್ಲಿನಲ್ಲಿದೆ. ಮರೆತು ಬಿಟ್ಟದ್ದಲ್ಲ, ಯೋಚಿಸಿ ಬರೆದದ್ದು ಅಂತ ಅದರಿಂದ ಗೊತ್ತಾಗುತ್ತದೆ. ಹಿರಿಯರ ಆಸ್ತಿಯಲ್ಲಿ ನಿಮ್ಮ ಪಾಲಿಗೆ ಬರುವಷ್ಟನ್ನು ನೀವು ವಿಲ್ಲಿನಲ್ಲಿ ಬರೆಯಬಹುದು, ಪೂರ್ತಿ ತೋಟವನ್ನು ಅಲ್ಲ. ಗೇಣಿಯಿಂದ ಬಂದ ಭೂಮಿ, ಅತಿಕ್ರಮಣ ಜಾಗ, ಬೆಟ್ಟ ಇವುಗಳ ಲೆಕ್ಕವೇ ಬೇರೆ. ಪಹಣಿ ಹಿಡಿದುಕೊಂಡು ವಕೀಲರಿಗೆ ತೋರಿಸದೆ ಒಂದಕ್ಷರ ಬರೆಯಬೇಡಿ. ಭಟ್ಕಳದ ಕಡೆಯ ಮುಸ್ಲಿಂ ಸ್ನೇಹಿತರಿಗೆ ಇನ್ನೊಂದು ಮಾತು: ವಾರಸುದಾರರು ಒಪ್ಪದಿದ್ದರೆ ಆಸ್ತಿಯ ಮೂರನೇ ಒಂದು ಭಾಗದಷ್ಟನ್ನು ಮಾತ್ರ ಹೊರಗಿನವರಿಗೆ ವಿಲ್ ಮಾಡಲು ಬರುತ್ತದೆ.

ನಾವಿಬ್ಬರೂ ಒಂದೇ ದಿನ ಬರೆದೆವು, ಅಡುಗೆಮನೆಯ ಮೇಜಿನ ಮೇಲೆ. ಅವಳು ಮೊದಲು ಠೇವಣಿ, ಬಂಗಾರ ಎಲ್ಲ ಬರೆದಳು. ಆಮೇಲೆ ಪೆನ್ನು ಎತ್ತಿ ಸುಮ್ಮನೆ ಕೂತಳು. “ಏನಾಯ್ತು?” ಅಂದೆ. “ಕಪಾಟು ನಿಂದಾ ನಂದಾ?” ಎಂದಳು. ಎಂಟು ವರ್ಷದಲ್ಲಿ ಆ ಪ್ರಶ್ನೆ ನಮ್ಮ ಮಧ್ಯೆ ಬಂದೇ ಇರಲಿಲ್ಲ. ಫ್ರಿಜ್ಜು, ಗ್ರೈಂಡರು, ಟಿವಿ, ಹಾಸಿಗೆ ಎಲ್ಲ ಬರೆದೆವು. ಸಣ್ಣ ವಸ್ತುಗಳನ್ನೂ ಬರೆಯಿರಿ. ತೀರಿಕೊಂಡ ಮೂರನೇ ದಿನ ಮನೆಗೆ ಟೆಂಪೊ ತಂದು ಸಾಮಾನು ಹೇರುವವರು ಇರುತ್ತಾರೆ.

ಬ್ಯಾಂಕು, ಸೊಸೈಟಿ, ಪಿಎಫ್

2024ರ ಆಗಸ್ಟ್ 28ರಂದು ಕೇಂದ್ರ ಹಣಕಾಸು ಸಚಿವಾಲಯ ಒಂದು ಸ್ಪಷ್ಟನೆ ಕೊಟ್ಟಿತು: ಕ್ವಿಯರ್ ಸಂಬಂಧದಲ್ಲಿರುವವರು, ಅಂದರೆ ನಮ್ಮಂಥವರು, ಜಂಟಿ ಖಾತೆ ತೆರೆಯಲು, ಒಬ್ಬರನ್ನೊಬ್ಬರು ನಾಮಿನಿ ಮಾಡಲು ಯಾವ ಅಡ್ಡಿಯೂ ಇಲ್ಲ ಅಂತ. ಅದರ ಪ್ರಿಂಟ್ ತೆಗೆದುಕೊಂಡು ಹೋಗಿ. ನಿಜ ಹೇಳಬೇಕೆಂದರೆ ಜಂಟಿ ಖಾತೆಗೆ ಮೊದಲೂ ಸಂಬಂಧ ಬೇಕಿರಲಿಲ್ಲ, ಆದರೆ ಬ್ರಾಂಚಿನಲ್ಲಿ ಹುಬ್ಬು ಗಂಟಿಕ್ಕುವವರಿಗೆ ತೋರಿಸಲು ಒಂದು ಕಾಗದ ಇದ್ದರೆ ಧೈರ್ಯ. ಖಾತೆ “ಐದರ್ ಆರ್ ಸರ್ವೈವರ್” ಇರಲಿ, ಇಬ್ಬರಲ್ಲಿ ಯಾರು ಬೇಕಾದರೂ ತೆಗೆಯಬಹುದು, ಒಬ್ಬರು ಹೋದರೆ ಉಳಿದವರು ನಡೆಸಬಹುದು.

ಆ ಸ್ಪಷ್ಟನೆ ಬ್ಯಾಂಕುಗಳಿಗೆ. ನಮ್ಮಲ್ಲಿ ದುಡ್ಡು ಇರುವುದು ಎಲ್ಲಿ? ಅಡಿಕೆ ಸೊಸೈಟಿಯಲ್ಲಿ, ಊರಿನ ಸಹಕಾರಿ ಸಂಘದಲ್ಲಿ. ಎಷ್ಟೋ ಸಲ ಅಲ್ಲಿಯ ನಾಮಿನಿ ಕಾಲಮ್ಮಿನಲ್ಲಿ ಹದಿನೆಂಟನೇ ವಯಸ್ಸಿನಲ್ಲಿ ಬರೆದ ಅಪ್ಪನ ಹೆಸರು ಹಾಗೇ ಇರುತ್ತದೆ. ಶೇರು, ಠೇವಣಿ ಎರಡರದ್ದೂ ಬೇರೆ ಬೇರೆಯಾಗಿ ಕೇಳಿ ಬದಲಿಸಿ. ಕೌಂಟರಿನಲ್ಲಿ ಕೂತವರು ನಿಮ್ಮ ಊರಿನವರೇ ಆಗಿರುತ್ತಾರೆ, ಸಂಜೆಗೆ ಸುದ್ದಿ ಮನೆಗೆ ಹೋಗುತ್ತದೆ. ಅದಕ್ಕೆ ತಯಾರಿಲ್ಲದಿದ್ದರೆ ಠೇವಣಿಯನ್ನು ಬೇರೆ ಊರಿನ ಬ್ಯಾಂಕಿಗೆ ಸಾಗಿಸಿ. ತಯಾರಾಗುವವರೆಗೆ ಕಾಯುವುದು ತಪ್ಪೇನಲ್ಲ.

ಒಂದು ವಿಷಯ ಮಾತ್ರ ಮರೆಯಬೇಡಿ. ನಾಮಿನಿ ಎಂದರೆ ಮಾಲೀಕರಲ್ಲ. ನಾಮಿನಿ ದುಡ್ಡು ಕೈಗೆ ತೆಗೆದುಕೊಳ್ಳುತ್ತಾರೆ ಅಷ್ಟೇ, ಅದು ಯಾರದ್ದು ಅಂತ ತೀರ್ಮಾನಿಸುವುದು ವಿಲ್ಲು ಅಥವಾ ವಾರಸಾ ಕಾನೂನು. ಶೇರುಗಳ ವಿಷಯದಲ್ಲೂ ಸುಪ್ರೀಂ ಕೋರ್ಟು 2023ರ ಡಿಸೆಂಬರಿನಲ್ಲಿ ಇದನ್ನೇ ಹೇಳಿತು. ಆದ್ದರಿಂದ ನಾಮಿನಿ ಯಾರೋ ವಿಲ್ಲಿನಲ್ಲಿಯೂ ಅವರದ್ದೇ ಹೆಸರು ಇರಬೇಕು. ಜೀವ ವಿಮೆಯಲ್ಲಿ ಗಂಡ, ಹೆಂಡತಿ, ಮಕ್ಕಳು, ತಂದೆ–ತಾಯಿ ನಾಮಿನಿಯಾದರೆ ಹಣ ನೇರ ಅವರದ್ದೇ. ಸಂಗಾತಿಗೆ ಆ ಅನುಕೂಲ ಇಲ್ಲ, ಅಲ್ಲಿಯೂ ವಿಲ್ಲೇ ಕಾಯಬೇಕು. ಪಿಎಫ್ ಇನ್ನೂ ಬಿಗಿ: ಅವರ ಲೆಕ್ಕದಲ್ಲಿ “ಕುಟುಂಬ” ಎಂದರೆ ಗಂಡ–ಹೆಂಡತಿ, ಮಕ್ಕಳು, ಅವಲಂಬಿತ ತಂದೆ–ತಾಯಿ. ಅಂಥವರು ಇರುವಾಗ ಬೇರೆಯವರನ್ನು ನಾಮಿನಿ ಮಾಡಿದರೆ ನಡೆಯುವುದಿಲ್ಲ.

ರೇಷನ್ ಕಾರ್ಡಿಗೆ, ಇಂಥ ಜೋಡಿಯನ್ನು ಒಂದೇ ಮನೆಯವರೆಂದು ಪರಿಗಣಿಸಿ ಅಂತ ಕೇಂದ್ರ 2024ರಲ್ಲೇ ರಾಜ್ಯಗಳಿಗೆ ಬರೆದಿದೆ. ಸಂಗಾತಿ ತೀರಿಕೊಂಡು ಹತ್ತಿರದ ಸಂಬಂಧಿಕರು ಯಾರೂ ಸಿಗದಾಗ ದೇಹವನ್ನು ನಮಗೆ ಕೊಡಬೇಕು ಅಂತ ಆರೋಗ್ಯ ಸಚಿವಾಲಯವೂ ಬರೆದಿದೆ. ಅವೆರಡರ ಪ್ರತಿಯೂ ಫೈಲಿನಲ್ಲಿರಲಿ.

ಮನೆ

ಬಾಡಿಗೆ ಕರಾರಿನಲ್ಲಿ ಇಬ್ಬರ ಹೆಸರೂ ಇರಲಿ. ಕೊಳ್ಳುವುದಾದರೆ ಮೊದಲ ದಿನವೇ ಕ್ರಯಪತ್ರದಲ್ಲಿ ಇಬ್ಬರ ಹೆಸರು ಹಾಕಿ, ಯಾರು ಎಷ್ಟು ಕೊಟ್ಟರು ಅಂತ ಬ್ಯಾಂಕಿನ ಮೂಲಕವೇ ಕಾಣಿಸಲಿ. “ಆಮೇಲೆ ಸೇರಿಸಿದರಾಯ್ತು” ಎಂದುಕೊಂಡರೆ ಗಂಡ–ಹೆಂಡತಿಗೆ ಸಲೀಸಾದದ್ದು ನಮಗೆ ಭಾರ. ಕುಟುಂಬದೊಳಗಿನ ದಾನಪತ್ರಕ್ಕೆ ಇರುವ ಮುದ್ರಾಂಕ ಶುಲ್ಕದ ರಿಯಾಯಿತಿ ನಮಗಿಲ್ಲ. ಮೇಲಿಂದ ವರ್ಷಕ್ಕೆ 50,000 ರೂಪಾಯಿಗಿಂತ ಜಾಸ್ತಿ ಉಡುಗೊರೆ ಹೊರಗಿನವರಿಂದ ಬಂದರೆ ಪಡೆದವರಿಗೆ ಆದಾಯ ತೆರಿಗೆ. ಕಾನೂನಿನ ಕಣ್ಣಲ್ಲಿ ನನ್ನವಳು ನನಗೆ ಹೊರಗಿನವಳು! ವಿಲ್ಲಿನ ಮೂಲಕ ಬಂದದ್ದಕ್ಕೆ ಈ ತೆರಿಗೆ ಇಲ್ಲ.

ಮನೆಯವರ ಗಲಾಟೆ ಜೋರಿದ್ದರೆ

ಮೂಲ ಕಾಗದಗಳನ್ನು ಮನೆಯಲ್ಲಿ ಇಡಬೇಡಿ. ಶಾಲೆ–ಕಾಲೇಜಿನ ಅಂಕಪಟ್ಟಿ, ಆಧಾರ್, ಪಾಸ್‌ಬುಕ್ಕು ಎಲ್ಲ ನಂಬಿಕೆಯವರ ಹತ್ತಿರ ಇರಲಿ. ಹದಿನೆಂಟು ದಾಟಿದವರನ್ನು ಕೂಡಿಹಾಕಲು ಅಪ್ಪ–ಅಮ್ಮನಿಗೂ ಹಕ್ಕಿಲ್ಲ. 2024ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು, ಇಂಥ ಕೇಸು ಬಂದಾಗ ವ್ಯಕ್ತಿಯ ಇಷ್ಟವನ್ನೇ ಕೇಳಬೇಕು, ಅವರ ಮನಸ್ಸು ಬದಲಿಸಲು ಕೌನ್ಸೆಲಿಂಗ್ ಮಾಡಿಸಬಾರದು ಅಂತ ಹೈಕೋರ್ಟುಗಳಿಗೆ ಹೇಳಿದೆ. 2025ರ ಮೇ ತಿಂಗಳಲ್ಲಿ ಮದ್ರಾಸ್ ಹೈಕೋರ್ಟು ಇಬ್ಬರು ಹೆಣ್ಣುಮಕ್ಕಳ ಪ್ರಕರಣದಲ್ಲಿ, ಮದುವೆಯೊಂದೇ ಕುಟುಂಬ ಕಟ್ಟುವ ದಾರಿಯಲ್ಲ, ಆರಿಸಿಕೊಂಡ ಕುಟುಂಬವೂ ಕುಟುಂಬವೇ ಎಂದಿತು. ಅದನ್ನು ಓದಿದ ರಾತ್ರಿ ನಾವಿಬ್ಬರೂ ಅತ್ತೆವು. ಕಾನೂನು ಸಹಾಯಕ್ಕೆ 15100ಕ್ಕೆ ಫೋನ್ ಮಾಡಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ, ಕಾರವಾರದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ತಲೆ ತುಂಬ ಭಾರವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416, ಕನ್ನಡದಲ್ಲೇ ಮಾತಾಡಬಹುದು.

ಒತ್ತಾಯಕ್ಕೆ ಮಣಿದು ಬೇರೆ ಯಾರನ್ನೋ ಮದುವೆ ಮಾತ್ರ ಆಗಬೇಡಿ. ಮೂರು ಜನರ ಬದುಕು ಹಾಳಾಗುತ್ತದೆ, ಅದರಲ್ಲಿ ಒಬ್ಬರಿಗೆ ಏನೂ ಗೊತ್ತೇ ಇರುವುದಿಲ್ಲ.

ಫೈಲಿನಿಂದ ಆಗದ್ದು

ಎಷ್ಟೇ ಕಾಗದ ಮಾಡಿದರೂ ಜೋಡಿಯಾಗಿ ಮಗುವನ್ನು ದತ್ತು ಪಡೆಯಲು ಆಗದು, ಎರಡು ವರ್ಷದ ದಾಂಪತ್ಯ ಕೇಳುತ್ತಾರೆ. ಒಬ್ಬರು ಒಂಟಿಯಾಗಿ ಪಡೆಯಬಹುದು, ಒಂಟಿ ಗಂಡಸಿಗೆ ಹೆಣ್ಣು ಮಗು ಕೊಡುವುದಿಲ್ಲ. ಇನ್ನೊಬ್ಬರು ಆ ಮಗುವಿಗೆ ಕಾನೂನಿನಲ್ಲಿ ಏನೂ ಆಗಬೇಕಿಲ್ಲ. ಬಾಡಿಗೆ ತಾಯ್ತನವೂ ಇಲ್ಲ. ಕುಟುಂಬ ಪಿಂಚಣಿ ಇಲ್ಲ, ಅನುಕಂಪದ ನೌಕರಿ ಇಲ್ಲ. ಹೊರದೇಶದಲ್ಲಿ ಮದುವೆಯಾಗಿ ಬಂದರೂ ಇಲ್ಲಿ ಆ ಸರ್ಟಿಫಿಕೇಟ್ ನಡೆಯುವುದಿಲ್ಲ.

ಮತ್ತೆ ವರ್ಗಾವಣೆ. ನನ್ನವಳು ಸರ್ಕಾರಿ ಶಾಲೆಯ ಟೀಚರ್. ಶಿಕ್ಷಕರ ವರ್ಗಾವಣೆಯಲ್ಲಿ “ಪತಿ–ಪತ್ನಿ ಪ್ರಕರಣ” ಅಂತ ಒಂದು ಆದ್ಯತೆ ಇದೆ, ನಿಮಗೂ ಗೊತ್ತಿರಬಹುದು. ಅವಳ ಶಾಲೆಯ ಇನ್ನೊಬ್ಬ ಟೀಚರು ಅದರಲ್ಲೇ ಗಂಡ ಇರುವ ತಾಲೂಕಿಗೆ ಹೋದರು. ನಾವು ಒಟ್ಟಿಗೆ ಊಟ ಹಾಕಿ ಅವರನ್ನು ಖುಷಿಯಿಂದಲೇ ಕಳಿಸಿಕೊಟ್ಟೆವು. ಮರುವರ್ಷ ಇವಳಿಗೆ ಜೋಯಿಡಾ ಬಂತು. ಅರ್ಜಿಯ ಆ ಕಾಲಮ್ಮನ್ನು ಇವಳು ಖಾಲಿ ಬಿಟ್ಟಳು. ಈಗ ಶನಿವಾರ ಮಧ್ಯಾಹ್ನ ಬಸ್ ಹತ್ತಿ ಬರುತ್ತಾಳೆ, ಭಾನುವಾರ ಸಂಜೆ ಹೋಗುತ್ತಾಳೆ. ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಕಟ್ಟಿದರೆ ಆ ವಾರ ಇಲ್ಲ.

ನಿಮ್ಮದೂ ಹೀಗೆ ಎರಡು ಊರಿನ ಸಂಸಾರವಾದರೆ ಫೈಲೂ ಎರಡು ಮಾಡಿ. ಆಸ್ಪತ್ರೆಯ ಮೂರು ಕಾಗದವನ್ನು ಎರಡೆರಡು ಮೂಲ ಪ್ರತಿ ಸಹಿ ಮಾಡಿಸಿ. ನೋಂದಣಿ ಆದ ವಿಲ್ಲಿನ ದೃಢೀಕೃತ ನಕಲು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲೇ ಸಿಗುತ್ತದೆ, ಅದನ್ನು ಎರಡನೇ ಫೈಲಿಗೆ ಹಾಕಿ. ನಮ್ಮ ಎರಡನೇ ಫೈಲು ಜೋಯಿಡಾದ ಅವಳ ಕೋಣೆಯ ಟ್ರಂಕಿನಲ್ಲಿ, ಮಳೆನೀರು ತಾಗದ ಹಾಗೆ ಪ್ಲಾಸ್ಟಿಕ್ ಚೀಲದೊಳಗೆ ಇದೆ. ಪಕ್ಕದ ಮನೆಯ ಅಂಗನವಾಡಿ ಟೀಚರಿಗೆ ಅದು ಎಲ್ಲಿದೆ ಅಂತ ಹೇಳಿಟ್ಟಿದ್ದಾಳೆ, ನನ್ನ ನಂಬರೂ ಕೊಟ್ಟಿದ್ದಾಳೆ.